ಹಿತ್ತಲ ಈಜುಕೊಳದ ಮರೆ (ಕ್ಯಾಲಿಫೋರ್ನಿಯ)

ಮನೆಯ ಹಿತ್ತಲಿನ ಈಜುಕೊಳ ನೆರೆಹೊರೆಯವರ ಕಣ್ಣಿಗೆ ಬೀಳದಂತೆ ಕಟ್ಟುವ ಗೋಡೆ ಅಥವಾ ಬೆಳೆಸುವ ಗಿಡಬೇಲಿ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಈ ರಾಜ್ಯದಲ್ಲಿ ಇದು ತೋಟಗಾರರ ಚಿಂತೆಯಾಗಿ ಬೆಳೆಯಿತು. ಮುಂದೆ ಕಾನೂನಿನ ಕಟ್ಟಳೆಗೂ ಒಳಪಟ್ಟಿತು.

1950ರಲ್ಲಿ ಇಡೀ ಅಮೆರಿಕದಲ್ಲಿ ನೆಲ ಅಗೆದು ಕಟ್ಟಿಸಿದ ಸ್ವಂತ ಕೊಳವಿದ್ದ ಕುಟುಂಬಗಳು ಸುಮಾರು 2,500. ಶತಮಾನ ಮುಗಿಯುವ ಹೊತ್ತಿಗೆ ಅಂಥವು 40 ಲಕ್ಷದಷ್ಟಾದವು. ಕಾಂಕ್ರೀಟನ್ನು ಕೊಳವೆಯಿಂದ ಚಿಮ್ಮಿಸಿ ಬೇಕಾದ ಆಕಾರಕ್ಕೆ ತರುವ ಗನೈಟ್ ವಿಧಾನ ಇದಕ್ಕೆ ನೆರವಾಯಿತು. ತೋಟ ವಿನ್ಯಾಸಕ ಥಾಮಸ್ ಚರ್ಚ್ 1948ರಲ್ಲಿ ಸೊನೋಮಾದ ಡಾನೆಲ್ ತೋಟಕ್ಕೆ ರೂಪಿಸಿದ ಬಾಗುಬಳುಕಿನ ಕೊಳ ಎಲ್ಲರ ಮಾದರಿಯಾಯಿತು. ಗುಡ್ಡದ ಮೇಲಿದ್ದ ಆ ಕೊಳಕ್ಕೆ ಮರೆಯೇ ಬೇಕಿರಲಿಲ್ಲ: ಸುತ್ತ ಓಕ್ ಮರಗಳು, ಕೆಳಗೆ ದೂರದವರೆಗೆ ಉಪ್ಪುನೀರಿನ ಜೌಗು. ಅಂಥದೇ ಕೊಳವನ್ನು ಒತ್ತೊತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ತೋಡಿದಾಗ ಪಕ್ಕದ ಮನೆಯ ಕಿಟಕಿ ಎದುರಿಗೇ ಬಂತು.

ಗಿಡಬೇಲಿಗೆ ಹೆಚ್ಚಾಗಿ ಆರಿಸಿಕೊಂಡವುಗಳಲ್ಲಿ ಎರಡು ಭಾರತಕ್ಕೂ ಪರಿಚಿತ. ಒಂದು ಕಣಗಿಲೆ. ಬಿಸಿಲು, ಬರ ಎರಡನ್ನೂ ತಾಳಿಕೊಂಡು ದಟ್ಟವಾಗಿ ಬೆಳೆಯುತ್ತದೆ. ಆದರೆ ಗಿಡವಿಡೀ ವಿಷ, ಉದುರುವ ಹೂವು ನೇರ ನೀರಿಗೆ. 1990ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಕಣಗಿಲೆಗೆ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯ ತಗುಲಿತು. ರಸ ಹೀರುವ ಕೀಟಗಳು ಅದನ್ನು ಗಿಡದಿಂದ ಗಿಡಕ್ಕೆ ಹರಡಿದವು. ಮೊದಲು ಎಲೆಯ ಅಂಚು ಸುಟ್ಟಂತಾಗುತ್ತದೆ, ಆಮೇಲೆ ಒಂದೊಂದೇ ಕೊಂಬೆ ಒಣಗುತ್ತದೆ, ಕೊನೆಗೆ ಗಿಡವೇ ಸಾಯುತ್ತದೆ. ಇದಕ್ಕೆ ಮದ್ದಿಲ್ಲ. ಇನ್ನೊಂದು, ಆಲ ಅತ್ತಿಗಳ ಬಂಧುವಾದ ಫೈಕಸ್. ಕತ್ತರಿಸಿದಷ್ಟೂ ಚಿಗುರುವ ಇದರ ಬೇಲಿ ನೋಡಲು ಬಲು ಚೆನ್ನ. ಅದರ ಬೇರು ಮಾತ್ರ ಕೊಳದಂಚಿನ ಕಲ್ಲುಹಾಸನ್ನು ಎಬ್ಬಿಸುತ್ತದೆ, ನೀರಿನ ಪೈಪುಗಳಿಗೂ ನುಗ್ಗುತ್ತದೆ. ಇಕ್ಕಟ್ಟಾದ ಹಿತ್ತಲಿಗೆ ಇದು ತಕ್ಕ ಗಿಡವಲ್ಲ.

ಗೋಡೆ ಕಟ್ಟಿದ ದಿನವೇ ಮರೆಯಾಗುತ್ತದೆ. ಎಲೆ ಉದುರಿಸದು, ನೀರು ಕೇಳದು. ಆದರೆ ಗಾಳಿಯನ್ನು ಪೂರ್ತಿ ತಡೆದು ಮರುಭೂಮಿಯ ಸೆಕೆಯನ್ನು ಒಳಗೇ ಹಿಡಿದಿಡುತ್ತದೆ. ಹಾಗಾಗಿ ಪಾಮ್ ಸ್ಪ್ರಿಂಗ್ಸ್‌ನಂಥ ಊರುಗಳಲ್ಲಿ 1950–60ರ ದಶಕಗಳಲ್ಲಿ ತೂತುಳ್ಳ ಕಾಂಕ್ರೀಟ್ ಬ್ಲಾಕುಗಳ ಗೋಡೆ ಜನಪ್ರಿಯವಾಯಿತು. ಬೇಲೂರಿನ ಜಾಲಂಧ್ರಗಳನ್ನು ಕಂಡವರಿಗೆ ಇದರ ಕೆಲಸ ವಿವರಿಸಬೇಕಿಲ್ಲ: ಬೆಳಕು, ಗಾಳಿ ಒಳಬರುತ್ತವೆ, ನೋಟ ನಿಲ್ಲುತ್ತದೆ. ಭಾರತದ ಇಂಥ ಜಾಲಂಧ್ರಗಳಿಂದ ಪ್ರೇರಿತನಾಗಿ ವಾಸ್ತುಶಿಲ್ಪಿ ಎಡ್ವರ್ಡ್ ಡ್ಯೂರೆಲ್ ಸ್ಟೋನ್ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಗೆ ಇಂಥದೇ ತೆರೆಗೋಡೆ ಕೊಟ್ಟನು. 1959ರಲ್ಲಿ ಉದ್ಘಾಟನೆಯಾದ ಆ ಕಟ್ಟಡದ ಖ್ಯಾತಿ ಅಮೆರಿಕದಲ್ಲಿ ಈ ಬಗೆಯ ಗೋಡೆಗೆ ಬಲ ತಂದಿತು.

ಕಾನೂನು ಗಿಡಬೇಲಿಯನ್ನು ಎರಡು ಬಗೆಯಲ್ಲಿ ಕಂಡಿದೆ. ನೆರೆಯವರನ್ನು ಪೀಡಿಸಲೆಂದೇ ಅನಗತ್ಯವಾಗಿ 10 ಅಡಿಗಿಂತ ಎತ್ತರದ ಬೇಲಿ ಹಾಕುವುದು ರಾಜ್ಯದ ಸಿವಿಲ್ ಸಂಹಿತೆಯ ಪ್ರಕಾರ ತಪ್ಪು. ಸಾಲಾಗಿ ನೆಟ್ಟ ಮರಗಳೂ ಅಂಥ ಬೇಲಿಯಾಗಬಹುದೆಂದು 2002ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಮಕ್ಕಳ ರಕ್ಷಣೆಯ ಮಾತು ಬಂದಾಗ ಮಾತ್ರ ಗಿಡಸಾಲು ಸಾಲದು. 1996ರ ಈಜುಕೊಳ ಸುರಕ್ಷತಾ ಕಾಯಿದೆಯಂತೆ ಆವರಣ ಕನಿಷ್ಠ 60 ಅಂಗುಲ ಎತ್ತರವಿರಬೇಕು, 4 ಅಂಗುಲದ ಚೆಂಡು ತೂರುವಷ್ಟು ಸಂದಿ ಇರಬಾರದು, ಐದು ವರ್ಷದೊಳಗಿನ ಮಗು ಹತ್ತಲು ಹೊರಮೈಯಲ್ಲಿ ಕೈಗಾಲಿಗೆ ಆಸರೆ ಸಿಗಬಾರದು. ಈ ಕೊನೆಯ ನಿಯಮಕ್ಕೆ ತೂತುಗೋಡೆಯೂ ಸಿಲುಕುತ್ತದೆ, ಏಕೆಂದರೆ ತೂತುಗಳೇ ಮೆಟ್ಟಿಲಾಗುತ್ತವೆ.

2018ರಿಂದ ಹೊಸ ಕೊಳಗಳಿಗೆ ಕಾಯಿದೆ ಪಟ್ಟಿಮಾಡಿದ ಏಳು ಸುರಕ್ಷಾ ಕ್ರಮಗಳಲ್ಲಿ ಕನಿಷ್ಠ ಎರಡು ಕಡ್ಡಾಯ. ಆ ಪಟ್ಟಿಯಲ್ಲಿ ಗಿಡಬೇಲಿಯ ಹೆಸರಿಲ್ಲ.