ಗೋಲ್‌ಕೀಪರನ ವೃತ್ತಿಜೀವನ ಮತ್ತು ಸಂಸ್ಥೆಯ ಆಸರೆ: ಗುಂಡ್ಲುಪೇಟೆ ದಾರಿಯಿಂದ ಒಂದು ಅವಲೋಕನ

ಮೈಸೂರಿನಿಂದ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಸುಲ್ತಾನ್ ಬತ್ತೇರಿಯ ಮೂಲಕ ಕಲ್ಲಿಕೋಟೆಗೆ, ಇನ್ನೊಂದು ಬಂಡೀಪುರ ದಾಟಿ ಊಟಿಗೆ. ಊಟಿಯಿಂದ ಕೆಳಗಿಳಿದರೆ ಕೂನೂರಿನ ಮಗ್ಗುಲಲ್ಲೇ ವೆಲಿಂಗ್ಟನ್. ಮದ್ರಾಸ್ ರೆಜಿಮೆಂಟಿನ ಕೇಂದ್ರ 1947ರಿಂದ ಅಲ್ಲಿದೆ. ಭಾರತ ಫುಟ್‌ಬಾಲ್ ತಂಡದ ಪೀಟರ್ ತಂಗರಾಜ್ ಗೋಲ್‌ಕೀಪರ್ ಆಗಿ ರೂಪುಗೊಂಡದ್ದು ಆ ಕೇಂದ್ರದ ತಂಡದಲ್ಲಿ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳು 1997ರವರೆಗೆ ಮೈಸೂರು ಜಿಲ್ಲೆಯಲ್ಲಿದ್ದವು. ಹಾಗಾಗಿ ಇಲ್ಲಿನ ಆಟದ ಚರಿತ್ರೆಯನ್ನು ಹುಡುಕುವವರ ಕಣ್ಣು ಮೈಸೂರು, ಬೆಂಗಳೂರಿನ ಕಡೆಗೇ ಹೋಗುವುದು ಸಹಜ. ದಕ್ಷಿಣದ ಈ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಗೋಲ್‌ಕೀಪರನ ಬದುಕಿನಲ್ಲಿ ಅವನನ್ನು ಇಟ್ಟುಕೊಂಡ ಸಂಸ್ಥೆಯ ಪಾತ್ರವೆಷ್ಟು ಎಂಬ ಪ್ರಶ್ನೆ ಮುನ್ನೆಲೆಗೆ ಬರುತ್ತದೆ.

ಈ ಪ್ರಶ್ನೆಯನ್ನು ಅತ್ಯಂತ ಕಟುವಾಗಿ ಎದುರಿಸಿದವರು ಹಂಗೇರಿಯ ಡ್ಯುಲಾ ಗ್ರೋಶಿಚ್. 1926ರಲ್ಲಿ ಡೊರೋಗ್ ಎಂಬ ಗಣಿ ಪಟ್ಟಣದಲ್ಲಿ ಹುಟ್ಟಿದ ಅವರು ಪೆನಾಲ್ಟಿ ಆವರಣ ದಾಟಿ ಮುಂದೆ ನುಗ್ಗಿ ಚೆಂಡನ್ನು ತಡೆಯುತ್ತಿದ್ದರು. ಬೆನ್ನ ಹಿಂದೆ ಅವರಿದ್ದಾರೆಂಬ ಧೈರ್ಯದಿಂದ ಇಡೀ ತಂಡ ಮೈದಾನದಲ್ಲಿ ಮೇಲೇರಿ ಆಡಬಹುದಿತ್ತು. 1952ರ ಒಲಿಂಪಿಕ್ ಚಿನ್ನಕ್ಕೂ, 1953ರ ನವೆಂಬರಿನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಮಣಿಸಿದ್ದಕ್ಕೂ ಈ ಆಟದ ಬಲವಿತ್ತು. ಅವರ ಕ್ಲಬ್ ಹೊನ್ವೇದ್ ಸೇನೆಗೆ ಸೇರಿದ್ದು. ಬೆಳೆಸಿದ ಪ್ರಭುತ್ವವೇ ಅವರನ್ನು ಹಿಂಡಿತು. 1954ರ ವಿಶ್ವಕಪ್ ಫೈನಲಿನಲ್ಲಿ ಪಶ್ಚಿಮ ಜರ್ಮನಿಗೆ 3–2ರಿಂದ ಸೋತ ಬಳಿಕ ದೇಶದ್ರೋಹದ ಆರೋಪ ಹೊರಿಸಲಾಯಿತು. ಆರೋಪ ನಿಲ್ಲಲಿಲ್ಲ, ಆದರೂ ಮುಂದೆ ಟಟಾಬಾನ್ಯಾದ ಗಣಿಗಾರರ ಕ್ಲಬ್ಬಿಗೆ ಹೋಗಬೇಕಾಯಿತು. ದೇಶಕ್ಕಾಗಿ 86 ಪಂದ್ಯ, ಮೂರು ವಿಶ್ವಕಪ್ ಆಡಿದವರಿಗೆ 1962ರಲ್ಲಿ ಫೆರೆನ್ಸ್‌ವಾರೋಷ್ ಕ್ಲಬ್ ಸೇರಲು ಅನುಮತಿ ಸಿಗಲಿಲ್ಲ. 2008ರಲ್ಲಿ, 82ನೆಯ ವಯಸ್ಸಿನಲ್ಲಿ, ಒಂದು ಸೌಹಾರ್ದ ಪಂದ್ಯದ ಮೊದಲ ಕ್ಷಣಗಳಲ್ಲಿ ಅವರನ್ನು ಕಣಕ್ಕಿಳಿಸಿದ ಆ ಕ್ಲಬ್, 1ನೇ ಸಂಖ್ಯೆಯ ಅಂಗಿಯನ್ನು ಮುಂದೆ ಯಾರಿಗೂ ಕೊಡದಿರಲು ತೀರ್ಮಾನಿಸಿತು. ಆ ಗೌರವ ನಲವತ್ತಾರು ವರ್ಷ ತಡವಾಯಿತೆಂದೇ ನನ್ನ ಭಾವನೆ.

ತಂಗರಾಜ್ ಅವರಿಗೂ ಆಸರೆಯಾದದ್ದು ಸೇನೆಯೇ. 1953ರಲ್ಲಿ ಸೈನಿಕರಾದ ಅವರು ಮೊದಲು ಮುಂಚೂಣಿ ಆಟಗಾರ. ಗೋಲು ಕಾಯುವ ಕೆಲಸ ಸಿಕ್ಕಿದ್ದು ಆಮೇಲೆ. ಅವರಿದ್ದ ರೆಜಿಮೆಂಟ್ ಕೇಂದ್ರದ ತಂಡ 1955 ಮತ್ತು 1958ರಲ್ಲಿ ಡ್ಯೂರಂಡ್ ಕಪ್ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಎದುರಾಳಿ ಹಂಗೇರಿ. ಅದು ಹಿಂದೆ ಸರಿದುದರಿಂದ ಪಂದ್ಯ ನಡೆಯಲಿಲ್ಲ. ಮುಖಾಮುಖಿ ಆದದ್ದು 1960ರ ಆಗಸ್ಟ್ 26ರಂದು, ಇಟಲಿಯ ಲಾಕ್ವಿಲಾದಲ್ಲಿ. ಗ್ರೋಶಿಚ್ ಆ ತಂಡದಲ್ಲಿರಲಿಲ್ಲ, ಭಾರತದ ಗೋಲಿನಲ್ಲಿ ತಂಗರಾಜ್ ಇದ್ದರು. ಗೊರೋಚ್, ಆಲ್ಬರ್ಟ್ ಅವರಂಥವರಿದ್ದ ಹಂಗೇರಿ ಗೆದ್ದದ್ದು 2–1ರ ಅಂತರದಲ್ಲಷ್ಟೇ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಚಿನ್ನ, 1967ರ ಅರ್ಜುನ ಪ್ರಶಸ್ತಿ ಆಮೇಲಿನವು.

ಮೈಸೂರು ಸಂಸ್ಥಾನದ ಕೆ. ವಿ. ವರದರಾಜ್ ಅವರ ಚಿತ್ರ ಇಷ್ಟು ತುಂಬಿಕೊಂಡಿಲ್ಲ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಕಾದವರು ಅವರು. ಅದೇ ಸಂಸ್ಥಾನದವರಾದ ರಾಮನ್ ಗೋಲು ಹೊಡೆದು ಸಮಬಲ ತಂದರು, ಆ ಹೆಸರು ಉಳಿಯಿತು. ಕೊನೆಯ ಗಳಿಗೆಯವರೆಗೆ ಪಂದ್ಯವನ್ನು 1–1ರಲ್ಲಿ ಹಿಡಿದಿಟ್ಟ ತಂಡದ ಕಾವಲುಗಾರನಿಗೆ ಆ ನೆನಪಿನಲ್ಲಿ ಸಮಪಾಲು ಸಲ್ಲಬೇಕು. ಗೋಲು ಹೊಡೆದವನನ್ನು ಅಂಕಪಟ್ಟಿಯೇ ಕಾಪಾಡುತ್ತದೆ. ತಡೆದ ಚೆಂಡುಗಳು ಅದರಲ್ಲಿ ದಾಖಲಾಗುವುದಿಲ್ಲ. ಅವನ್ನು ಉಳಿಸಬಲ್ಲವು ಸಂಸ್ಥೆಯ ಕಡತಗಳು. ಆದ್ದರಿಂದ ಚಾಮರಾಜನಗರ ಜಿಲ್ಲೆಯ ಕ್ರೀಡಾ ಚರಿತ್ರೆ ಬರೆಯುವವರು ಮೈಸೂರಿನ ಕಾಗದಪತ್ರಗಳ ಜೊತೆಗೆ ವೆಲಿಂಗ್ಟನ್ನಿನ ಭರ್ತಿ ಪಟ್ಟಿಗಳನ್ನೂ ರೆಜಿಮೆಂಟಿನ ಕ್ರೀಡಾ ದಾಖಲೆಗಳನ್ನೂ ತೆರೆಯಬೇಕು.