ಬಸುರಿ, ಬಾಣಂತಿ, ಕೂಸು: ಭಾವಚಿತ್ರ ಕಲೆಯ ಒಂದು ಕವಲು

ಗರ್ಭಿಣಿಯರು, ಹುಟ್ಟಿ ಎರಡು ವಾರವೂ ತುಂಬದ ಶಿಶುಗಳು ಮತ್ತು ಅವರ ಮನೆಮಂದಿಯ ಚಿತ್ರ ತೆಗೆಯುವುದು ಈಗ ಭಾವಚಿತ್ರ ಛಾಯಾಗ್ರಹಣದಲ್ಲಿ ಪ್ರತ್ಯೇಕ ವೃತ್ತಿಯಾಗಿ ಬೆಳೆದಿದೆ. ಬೆಂಗಳೂರಿನಂಥ ನಗರಗಳಲ್ಲಿ ಇದೊಂದನ್ನೇ ಮಾಡುವ ಸ್ಟುಡಿಯೋಗಳಿವೆ. ‘ಮೆಟರ್ನಿಟಿ ಶೂಟ್’, ‘ನ್ಯೂಬಾರ್ನ್ ಶೂಟ್’ ಎಂಬ ಮಾತುಗಳು ಮನೆಮಾತಾಗುತ್ತಿವೆ. ಮದುವೆಯ ಫೋಟೊ ತೆಗೆಯುವವರಿಗೆ ಇಲ್ಲದ ಒಂದು ಹೊಣೆ ಇಲ್ಲಿದೆ. ಕ್ಯಾಮೆರಾದ ಮುಂದೆ ಇರುವವರಲ್ಲಿ ಒಬ್ಬಳಿಗೆ ಮೈ ಭಾರ. ಇನ್ನೊಬ್ಬರಿಗೆ ಇನ್ನೂ ಕತ್ತೇ ನಿಂತಿಲ್ಲ. ಬೆಳಕು, ಲೆನ್ಸ್‌ಗಳನ್ನು ಕಲಿಯುವ ಮೊದಲು ಛಾಯಾಗ್ರಾಹಕರು ಈ ಎರಡು ಮೈಗಳ ವಿಚಾರ ಕಲಿಯಬೇಕು. ಈ ಕೆಲಸದ ಉಳಿದ ನಿಯಮಗಳೆಲ್ಲ ಅದರಿಂದಲೇ ಹುಟ್ಟುತ್ತವೆ.

ಸೀಮಂತದ ಪಟ, ಕನ್ನಡಿಯ ಜಡೆ

ಬಸುರಿಯ ಚಿತ್ರ ತೆಗೆಸುವುದು ಹೊರಗಿನಿಂದ ಬಂದ ಹೊಸ ಶೋಕಿ ಎನ್ನುವವರಿದ್ದಾರೆ. ಹಳೆಯ ಆಲ್ಬಮ್ ತೆರೆದು ನೋಡಿದವರು ಹಾಗೆ ಹೇಳಲಾರರು. ಸೀಮಂತದ ಹೊತ್ತಿಗೆ ಹೆಣ್ಣಿಗೆ ಮಲ್ಲಿಗೆಯ ಮೊಗ್ಗಿನ ಜಡೆ ಹಾಕಿ, ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿ, ಸ್ಟುಡಿಯೋಗೆ ಕರೆದುಕೊಂಡು ಹೋಗುವ ರೂಢಿ ನಮ್ಮಲ್ಲಿ ಬಹುಕಾಲ ಇತ್ತು. ಸ್ಟುಡಿಯೋದವರು ಆಕೆಯ ಬೆನ್ನಿಗೆ ನಿಲುವುಗನ್ನಡಿ ಇಟ್ಟು, ಮುಖವೂ ಜಡೆಯೂ ಒಂದೇ ಪಟದಲ್ಲಿ ಬರುವಂತೆ ಕೂರಿಸುತ್ತಿದ್ದರು.

ಸರಳವಾಗಿ ಕಾಣುವ ಈ ಪಟಕ್ಕೆ ಒಳ್ಳೆಯ ಕಸುಬುದಾರಿಕೆ ಬೇಕು. ಕನ್ನಡಿಯಲ್ಲಿ ಕಾಣುವ ಜಡೆ ಲೆನ್ಸ್‌ನ ಲೆಕ್ಕಕ್ಕೆ ಕನ್ನಡಿಯ ಮೇಲೆ ಇರುವುದಿಲ್ಲ, ಕನ್ನಡಿಯ ಆಚೆಗೆ ಇರುತ್ತದೆ. ಆಕೆ ಕನ್ನಡಿಯಿಂದ ಎರಡು ಅಡಿ ಮುಂದೆ ಕೂತಿದ್ದರೆ ಬಿಂಬ ಎರಡು ಅಡಿ ಹಿಂದೆ ಮೂಡುತ್ತದೆ; ಅಲ್ಲಿಗೆ ಮುಖಕ್ಕೂ ಜಡೆಗೂ ನಾಲ್ಕು ಅಡಿಯಷ್ಟು ಅಂತರ. ಮುಖಕ್ಕೆ ಫೋಕಸ್ ಮಾಡಿದರೆ ಜಡೆ ಮಸುಕು, ಜಡೆಗೆ ಮಾಡಿದರೆ ಮುಖ ಮಸುಕು. ಲೆನ್ಸ್‌ನ ದ್ವಾರ ಕಿರಿದು ಮಾಡಿ ಎರಡನ್ನೂ ಹಿಡಿಯಬೇಕು, ಕಡಿಮೆಯಾದ ಬೆಳಕನ್ನು ದೀಪಗಳಿಂದ ತುಂಬಬೇಕು, ಆ ದೀಪವಾಗಲಿ ಕ್ಯಾಮೆರಾವಾಗಲಿ ಕನ್ನಡಿಯಲ್ಲಿ ಕಾಣದಂತೆ ಕನ್ನಡಿಯನ್ನು ಓರೆಯಾಗಿ ತಿರುಗಿಸಬೇಕು. ಹೆಸರು ಉಳಿಯದ ಎಷ್ಟೋ ಊರಿನ ಸ್ಟುಡಿಯೋದವರು ಇದನ್ನು ಕೈಬಳಕೆಯಿಂದಲೇ ಕಲಿತಿದ್ದರು.

ಸೀಮಂತವನ್ನು ಹೆಚ್ಚಾಗಿ ಏಳನೇ ತಿಂಗಳಲ್ಲಿ ಮಾಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದು ಕುಬಸ, ತುಳುನಾಡಿನಲ್ಲಿ ಬಯಕೆ. ಇಂದಿನ ಛಾಯಾಗ್ರಾಹಕರು ಸೂಚಿಸುವ ಕಾಲ 28ರಿಂದ 34ನೇ ವಾರ. ಎರಡೂ ಹೆಚ್ಚುಕಡಿಮೆ ಒಂದೇ. ಹೊಟ್ಟೆ ಚೆನ್ನಾಗಿ ತುಂಬಿ ಕಾಣುವ, ಆದರೆ ಕೂರಲು, ನಿಲ್ಲಲು ಇನ್ನೂ ತೀರಾ ಕಷ್ಟವಾಗದ ದಿನಗಳವು.

ಬದಲಾಗಿರುವುದು ಹೊಟ್ಟೆಗೆ ಸಿಕ್ಕ ಜಾಗ. ಹಳೆಯ ಪಟದಲ್ಲಿ ಸೀರೆಯ ನೆರಿಗೆ ಹೊಟ್ಟೆಯನ್ನು ಮರೆಮಾಡುತ್ತಿತ್ತು. ಬಸಿರನ್ನು ಹೂವು, ಬಳೆಗಳೇ ಹೇಳಬೇಕಿತ್ತು. ಹೊಸ ಚಿತ್ರದಲ್ಲಿ ಹೊಟ್ಟೆಯೇ ನಡುಮಧ್ಯ. ಈ ತಿರುವಿಗೆ ದೊಡ್ಡ ಕಾರಣವಾದದ್ದು ಅಮೆರಿಕದ ‘ವ್ಯಾನಿಟಿ ಫೇರ್’ ಪತ್ರಿಕೆಯ ಆಗಸ್ಟ್ 1991ರ ಮುಖಪುಟ. ಏಳು ತಿಂಗಳ ಗರ್ಭಿಣಿಯಾಗಿದ್ದ ನಟಿ ಡೆಮಿ ಮೂರ್ ಅವರ ವಿವಸ್ತ್ರ ಚಿತ್ರವನ್ನು ಛಾಯಾಗ್ರಾಹಕಿ ಆನಿ ಲೈಬೋವಿಟ್ಜ್ ತೆಗೆದಿದ್ದರು. ಕೆಲವು ಅಂಗಡಿಗಳು ಸಂಚಿಕೆಗೆ ಹೊದಿಕೆ ಹಾಕಿ ಮಾರಿದವು, ಕೆಲವು ಮಾರಲೇ ಇಲ್ಲ. ಆದರೂ ಬಸುರಿಯ ಮೈ ಮುಚ್ಚಿಡಬೇಕಾದದ್ದು ಎಂಬ ಭಾವನೆ ಅಲ್ಲಿಂದ ಸಡಿಲಗೊಂಡಿತು. ನೆರಿಗೆಯೊಳಗಿನ ಹೊಟ್ಟೆ, ತೆರೆದ ಹೊಟ್ಟೆ ಎರಡೂ ಸರಿಯೇ. ಯಾವುದು ಬೇಕು ಎಂಬುದನ್ನು ಆ ಹೆಣ್ಣುಮಗಳು ಹೇಳಬೇಕು. ಅತ್ತೆಗಾಗಲಿ ಗಂಡನಿಗಾಗಲಿ ಕ್ಯಾಮೆರಾ ಹಿಡಿದವರಿಗಾಗಲಿ ಅದನ್ನು ತೀರ್ಮಾನಿಸುವ ಹಕ್ಕಿಲ್ಲ.

ಮರೆಯಲ್ಲಿದ್ದ ತಾಯಂದಿರು

19ನೇ ಶತಮಾನದ ಕ್ಯಾಮೆರಾಗಳಿಗೆ ಒಂದು ಚಿತ್ರ ಮೂಡಲು ಎಷ್ಟೋ ಸೆಕೆಂಡು ಬೇಕಾಗುತ್ತಿತ್ತು. ಅಷ್ಟು ಹೊತ್ತು ಕೂಸು ಅಲುಗದಿರುವುದು ಸಾಧ್ಯವೇ? ಅದಕ್ಕೆ ಯುರೋಪು, ಅಮೆರಿಕದ ಸ್ಟುಡಿಯೋಗಳು ತಾಯಿಗೆ ಬಟ್ಟೆ ಹೊದಿಸಿ ಕುರ್ಚಿಯಂತೆ ಕಾಣಿಸಿ, ಆಕೆಯ ತೊಡೆಯ ಮೇಲೆ ಮಗುವನ್ನು ಕೂರಿಸುತ್ತಿದ್ದವು. ಅಂಥ ಕೆಲವು ಚಿತ್ರಗಳಲ್ಲಿ ಮಗುವಿನ ಸೊಂಟ ಹಿಡಿದ ಒಂದು ಕೈ ಮಾತ್ರ ಕಾಣುತ್ತದೆ. ಅದೇ ಕಾಲದಲ್ಲಿ ತಾಯಿಯನ್ನು ಮುಂದಕ್ಕೆ ತಂದವರು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈಕೆಗೆ ಮಗಳು, ಅಳಿಯ ಕ್ಯಾಮೆರಾ ಕೊಟ್ಟದ್ದು 1863ರಲ್ಲಿ, 48ನೇ ವಯಸ್ಸಿನಲ್ಲಿ. ಇಂಗ್ಲೆಂಡಿನಲ್ಲಿ ಆಕೆ ತೆಗೆದ ತಾಯಿ-ಮಕ್ಕಳ ಚಿತ್ರಗಳ ಮೆದು ಬೆಳಕು ಇಂದಿನವರಿಗೂ ಪಾಠ.

ಭಾರತದಲ್ಲಿ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದು, ಅದರ ಉಸ್ತುವಾರಿಯನ್ನು ಒಬ್ಬ ಇಂಗ್ಲಿಷ್ ಮಹಿಳೆಗೆ ವಹಿಸಿದರು. ಹೆಂಗಸರು ಹೆಂಗಸರ ಮುಂದೆ ನಿರಾಳವಾಗಿರುತ್ತಾರೆ ಎಂಬ ಆ ತಿಳಿವಳಿಕೆ ಇಂದಿಗೂ ಸಲ್ಲುತ್ತದೆ.

ಶಿಶುವನ್ನು ಹೂಕುಂಡದಲ್ಲಿ, ಎಲೆಗಳ ನಡುವೆ ಇಟ್ಟು ತೆಗೆಯುವ ಶೈಲಿ ಹಬ್ಬಿದ್ದು ಆಸ್ಟ್ರೇಲಿಯಾ ಮೂಲದ ಆನ್ ಗೆಡ್ಡಿಸ್ ಅವರ ಚಿತ್ರಗಳಿಂದ. 1996ರಲ್ಲಿ ಬಂದ ಅವರ ‘ಡೌನ್ ಇನ್ ದ ಗಾರ್ಡನ್’ ಪುಸ್ತಕ ಲೋಕಪ್ರಸಿದ್ಧವಾಯಿತು. ನಮ್ಮ ಸ್ಟುಡಿಯೋಗಳ ಬೆತ್ತದ ಬುಟ್ಟಿ, ಉಣ್ಣೆಯ ಟೋಪಿಗಳು ಆ ದಾರಿಯಲ್ಲೇ ಬಂದವು.

ಗರ್ಭಿಣಿಯನ್ನು ಕೂರಿಸುವ ಬಗೆ

ಆರೇಳು ತಿಂಗಳು ದಾಟಿದ ಹೆಂಗಸನ್ನು ಅಂಗಾತ ಮಲಗಿಸಿ ಮೇಲಿನಿಂದ ಚಿತ್ರ ತೆಗೆಯಬಾರದು. ಗರ್ಭಕೋಶದ ಭಾರ, ಮೈಯಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ. ತಲೆ ಸುತ್ತುತ್ತದೆ, ಬೆವರು ಕಿತ್ತು ಬರುತ್ತದೆ. ಎಡಮಗ್ಗುಲು ಕ್ಷೇಮ. ತೂಕ ಮುಂದಕ್ಕೆ ಸರಿದಿರುವುದರಿಂದ ಎತ್ತರದ ಬಂಡೆ, ಹಾವಸೆ ಕಟ್ಟಿದ ಕೆರೆಯ ಮೆಟ್ಟಿಲು, ಹರಿಯುವ ನೀರು ಇವೆಲ್ಲ ದೂರವಿರಬೇಕು. ಕೂರಲು ಕುರ್ಚಿ, ಕುಡಿಯಲು ನೀರು, ಹತ್ತಿರದಲ್ಲೇ ಶೌಚಾಲಯ ಇಲ್ಲದ ಜಾಗ ಎಷ್ಟೇ ಚೆಂದವಿದ್ದರೂ ಬೇಡ.

ಅಗಲ ನೋಟದ ಲೆನ್ಸ್ ಹಿಡಿದು ಹತ್ತಿರ ಹೋದರೆ ಮುಂದಿರುವ ಹೊಟ್ಟೆ, ಕೈಗಳು ಅತಿಯಾಗಿ ಊದಿ ಕಾಣುತ್ತವೆ. 85 ಮಿಲಿಮೀಟರ್ ಲೆನ್ಸ್ ಹಿಡಿದು ಕೆಲವು ಹೆಜ್ಜೆ ಹಿಂದೆ ನಿಂತರೆ ಮೈ ತನ್ನ ಅಳತೆಯಲ್ಲೇ ಬರುತ್ತದೆ. ಪಕ್ಕದ ಕಿಟಕಿಯಿಂದ ಬಂದ ಬೆಳಕು ಹೊಟ್ಟೆಯ ದುಂಡನ್ನು ನೆರಳಿನಿಂದ ತಿದ್ದಿ ತೋರಿಸುತ್ತದೆ; ಕ್ಯಾಮೆರಾದ ಮೇಲಿನ ಫ್ಲ್ಯಾಷ್ ನೇರ ಹೊಡೆದರೆ ಅದೇ ಹೊಟ್ಟೆ ಚಪ್ಪಟೆ.

ಹಸುಗೂಸಿನ ಹದಿನಾಲ್ಕು ದಿನ

ಬುಟ್ಟಿಯಲ್ಲಿ ಮುದುರಿ ಮಲಗಿದ ಚಿತ್ರಗಳನ್ನು ಸಾಮಾನ್ಯವಾಗಿ ಹುಟ್ಟಿದ 5ರಿಂದ 14 ದಿನದೊಳಗೆ ತೆಗೆಯುತ್ತಾರೆ. ಆಗ ಕೂಸು ದಿನದ ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತದೆ, ಗರ್ಭದಲ್ಲಿದ್ದಂತೆ ಕೈಕಾಲು ಮಡಚಿಕೊಳ್ಳುತ್ತದೆ. ನಮ್ಮಲ್ಲಿ ಆ ದಿನಗಳು ಬಾಣಂತನದ ದಿನಗಳೂ ಹೌದು. ಪುರುಡು ಕಳೆಯುವವರೆಗೆ ಎಷ್ಟೋ ಮನೆಗಳಲ್ಲಿ ಹೊರಗಿನವರು ಬಾಣಂತಿ ಕೋಣೆಗೆ ಕಾಲಿಡುವಂತಿಲ್ಲ, ತಾಯಿ ಹೊಸ್ತಿಲು ದಾಟುವಂತಿಲ್ಲ. ಹೆರಿಗೆಯ ನೋವಿನಿಂದ ಚೇತರಿಸಿಕೊಳ್ಳುತ್ತಿರುವವಳನ್ನು, ಅದರಲ್ಲೂ ಹೊಲಿಗೆ ಹಾಕಿಸಿಕೊಂಡವಳನ್ನು, ನಗರದ ದಟ್ಟಣೆಯಲ್ಲಿ ಸ್ಟುಡಿಯೋಗೆ ಕರೆಸುವುದು ನನಗಂತೂ ಸರಿ ಕಾಣುವುದಿಲ್ಲ. ಹನ್ನೊಂದು ಅಥವಾ ಹನ್ನೆರಡನೆಯ ದಿನ ತೊಟ್ಟಿಲು ಶಾಸ್ತ್ರ, ನಾಮಕರಣ ಮಾಡುವ ಮನೆಗಳಲ್ಲಿ ಅದೇ ದಿನ ಛಾಯಾಗ್ರಾಹಕರು ಬಂದರೆ ಎರಡು ವಾರದ ಗಡುವೂ ಮೀರುವುದಿಲ್ಲ, ಸಂಪ್ರದಾಯಕ್ಕೂ ಧಕ್ಕೆಯಿಲ್ಲ. ಅಜ್ಜಿ ಹೊಲಿದ ಕುಲಾವಿ, ಮನೆಯ ಹಳೆಯ ತೊಟ್ಟಿಲು, ತಾಯಿಯ ಹತ್ತಿ ಸೀರೆಯ ಮೆತ್ತನೆ ಹಾಸು ಅಲ್ಲೇ ಇರುತ್ತವೆ. ತರಿಸಿದ ಉಣ್ಣೆಯ ಟೋಪಿಗಿಂತ ಇವು ಮುಂದೆ ಹೆಚ್ಚು ಮಾತಾಡುತ್ತವೆ.

ಮೊದಲ ಗಮನ ಶಾಖದ ಮೇಲೆ. ನವಜಾತ ಶಿಶುವಿನ ಮೈಶಾಖ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡದು, ನಡುಗಿ ಬೆಚ್ಚಗಾಗುವ ಶಕ್ತಿ ಇಲ್ಲವೆಂಬಷ್ಟು ಕಡಿಮೆ. ಹಾಗಾಗಿ ಬಟ್ಟೆ ತೆಗೆದೊಡನೆ ತಣ್ಣಗಾಗತೊಡಗುತ್ತದೆ. ಕೋಣೆಯನ್ನು 26ರಿಂದ 28 ಡಿಗ್ರಿಯಲ್ಲಿಟ್ಟು, ಫ್ಯಾನು, ಎಸಿ ನಿಲ್ಲಿಸಬೇಕು. ಹೀಟರ್ ಇಟ್ಟರೆ ಅದರ ಗಾಳಿ ನೇರ ಕೂಸಿಗೆ ಬಡಿಯಬಾರದು. ಛಾಯಾಗ್ರಾಹಕರಿಗೆ ಬೆವರು ಬಂದರೆ ಸಹಿಸಿಕೊಳ್ಳಬೇಕಾದದ್ದೇ.

ಅದಕ್ಕಿಂತ ಮುಖ್ಯ ಉಸಿರು. ಶಿಶುವಿನ ತಲೆ ಮೈಯ ಉದ್ದದ ಕಾಲುಭಾಗದಷ್ಟಿರುತ್ತದೆ. ಅದನ್ನು ಹೊರುವ ಬಲ ಕತ್ತಿಗೆ ಇನ್ನೂ ಬಂದಿರುವುದಿಲ್ಲ. ಗಲ್ಲ ಎದೆಗೆ ಒತ್ತಿದರೆ ಮೆತ್ತಗಿನ ಶ್ವಾಸನಾಳ ಮಡಚಿಕೊಳ್ಳುತ್ತದೆ, ಕೂಸು ಅತ್ತು ಹೇಳಲೂ ಆರದು. ಗಲ್ಲದ ಕೆಳಗೆ ಕೈಯಿಟ್ಟು, ಕಪ್ಪೆಯಂತೆ ಕುಳಿತ ಶಿಶುವಿನ ಚಿತ್ರಗಳನ್ನು ನೋಡಿ ತಂದೆತಾಯಿಯರು ‘ಹೀಗೇ ಬೇಕು’ ಎನ್ನುತ್ತಾರೆ. ಅದು ಒಂದೇ ಚಿತ್ರವಲ್ಲ. ಒಮ್ಮೆ ದೊಡ್ಡವರ ಕೈ ತಲೆಯನ್ನು ಹಿಡಿದಿರುತ್ತದೆ, ಇನ್ನೊಮ್ಮೆ ಮಣಿಕಟ್ಟನ್ನು. ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಹಿಡಿದ ಕೈಗಳನ್ನು ಅಳಿಸುತ್ತಾರೆ. ಈ ಗುಟ್ಟು ತಿಳಿಯದ ಹೊಸಬರು ಕೂಸನ್ನು ನಿಜವಾಗಿ ಹಾಗೆ ಕೂರಿಸಲು ಹೋಗುವುದೇ ಅಪಾಯ. ಮರದ ಕೊಂಬೆಗೆ ಕಟ್ಟಿದ ಜೋಲಿಯ ಚಿತ್ರಗಳೂ ಹೀಗೇ: ಕೂಸು ನೆಲದ ಮೇಲಿನ ಹಾಸಿಗೆಯಲ್ಲಿರುತ್ತದೆ, ಕೊಂಬೆ ಆಮೇಲೆ ಬರುತ್ತದೆ. ಯಾವ ಭಂಗಿಯಲ್ಲೇ ಆಗಲಿ, ಕೈಯಳತೆಯಲ್ಲಿ ಇನ್ನೊಬ್ಬರು ಕಾಯುತ್ತಿರಬೇಕು. ಕಾಲು, ಪಾದ ನೇರಳೆಗೆ ತಿರುಗಿದರೆ ಆ ಭಂಗಿ ಅಲ್ಲಿಗೆ ಮುಗಿಯಿತು.

ಕೂಸು ಏಕಾಏಕಿ ಎರಡೂ ಕೈ ಚಾಚಿ ಬೆಚ್ಚಿಬೀಳುವುದು ಹುಟ್ಟಿನಿಂದ ಬಂದ ಪ್ರತಿವರ್ತನೆ. ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಬಟ್ಟೆಯಲ್ಲಿ ಸುತ್ತಿದರೆ ಕೂಸು ಶಾಂತವಾಗುತ್ತದೆ. ಸುತ್ತುವಾಗ ಕೈಗಳು ಬಿಗಿಯಿದ್ದರೂ ಕಾಲು ಮಡಚಿ ಅಗಲಿಸಲು ಜಾಗವಿರಬೇಕು. ನೆಟ್ಟಗೆ ಎಳೆದು ಬಿಗಿದರೆ ಸೊಂಟದ ಕೀಲಿಗೆ ಕೆಡುಕು. ಹೊಕ್ಕುಳ ಬಳ್ಳಿ ಉದುರದಿದ್ದರೆ ಹೊಟ್ಟೆಯ ಮೇಲೆ ಮಲಗಿಸುವ ಭಂಗಿಯನ್ನು ಬಿಡುವುದೇ ಲೇಸು. ಕೈ ತೊಳೆಯದೆ, ಕೆಮ್ಮು ನೆಗಡಿ ಇಟ್ಟುಕೊಂಡು ಈ ಕೆಲಸಕ್ಕೆ ಹೋಗಲೇಬಾರದು. ಒಂದು ಬಟ್ಟೆ ಒಂದೇ ಕೂಸಿಗೆ, ಆಮೇಲೆ ಒಗೆಯಲು.

ಇಷ್ಟೆಲ್ಲದರ ನಡುವೆ ಕೂಸಿಗೆ ಹಸಿವಾಗುತ್ತದೆ, ಒದ್ದೆಯಾಗುತ್ತದೆ. ಹಾಲು ಕುಡಿಸುವ ಬಿಡುವೂ ಸೇರಿ ಎರಡು ಮೂರು ಗಂಟೆ ಹಿಡಿಯುವುದು ಸಾಮಾನ್ಯ. ಗಡಿಯಾರ ನೋಡುವವರಿಗೆ ಈ ವೃತ್ತಿ ಒಗ್ಗದು.

ಹಳದಿ ಮೈ, ಕಪ್ಪು ಬೊಟ್ಟು

ತಿಂಗಳು ತುಂಬಿ ಹುಟ್ಟಿದ ಶಿಶುಗಳಲ್ಲಿ ಸುಮಾರು ಶೇಕಡಾ 60ರಷ್ಟು ಮಕ್ಕಳಿಗೆ ಮೊದಲ ವಾರ ಕಾಮಾಲೆಯ ಹಳದಿ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ಅದು ತಾನಾಗಿ ಇಳಿಯುತ್ತದೆ, ಕೆಲವರಿಗೆ ಚಿಕಿತ್ಸೆ ಬೇಕಾಗುತ್ತದೆ. ಬೆಳ್ಳಗಿನ ಹಾಸಿನ ಮೇಲೆ, ಕಿಟಕಿಯ ಬೆಳಕಿನಲ್ಲಿ ಛಾಯಾಗ್ರಾಹಕರ ಕಣ್ಣಿಗೆ ಅದು ಬೇಗ ಬೀಳುತ್ತದೆ. ಕಂಪ್ಯೂಟರಿನಲ್ಲಿ ಹಳದಿಯನ್ನು ತೆಗೆಯುವ ಮುಂಚೆ ‘ಡಾಕ್ಟರಿಗೆ ತೋರಿಸಿದ್ದೀರಾ?’ ಎಂದು ಒಂದು ಮಾತು ಕೇಳುವುದು ಕರ್ತವ್ಯವೇ ಸರಿ. ಸುಲಿಯುವ ಚರ್ಮ, ಮೂಗಿನ ಮೇಲಿನ ಬಿಳಿ ಚುಕ್ಕೆ, ಬೆನ್ನ ಬುಡದ ನೀಲಿ ಮಚ್ಚೆ ಇವು ಕಾಯಿಲೆಗಳಲ್ಲ. ನೀಲಿ ಮಚ್ಚೆ ನಮ್ಮ ಮಕ್ಕಳಲ್ಲಿ ತುಂಬ ಸಾಮಾನ್ಯ, ಬೆಳೆದಂತೆ ಮಾಸುತ್ತದೆ.

ಕೂಸಿನ ಫೋಟೊ ತೆಗೆದರೆ ಆಯುಸ್ಸು ಕಡಿಮೆಯಾಗುತ್ತದೆ, ದೃಷ್ಟಿ ತಗಲುತ್ತದೆ ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ಅಜ್ಜಿ ಬೇಡವೆಂದರೆ ವಾದಕ್ಕಿಳಿಯುವುದು ಕೂಸಿನ ಮನೆಯಲ್ಲಿ ಸಲ್ಲದು. ತಿಂಗಳು ಕಳೆದು ಬಂದರಾಯಿತು. ಕೆನ್ನೆಯ ಮೇಲಿನ ದೃಷ್ಟಿಬೊಟ್ಟನ್ನು ಕಲೆಯೆಂದು ಅಳಿಸಿಬಿಡುವ ಎಡಿಟಿಂಗ್ ಮಾತ್ರ ನನಗೆ ಸಹಿಸಲಾಗದು. ಆ ಬೊಟ್ಟು ಇಟ್ಟ ಕೈ ಯಾರದೆಂದು ಮನೆಯವರಿಗೆ ಗೊತ್ತಿರುತ್ತದೆ. ಕಣ್ಣಿಗೆ ಕಾಡಿಗೆ ಹಚ್ಚುವುದು ಬೇಡ ಎನ್ನುತ್ತಾರೆ ವೈದ್ಯರು. ಬೊಟ್ಟು ಕೆನ್ನೆಯಲ್ಲೋ ಅಂಗಾಲಿನಲ್ಲೋ ಇರಲಿ.

ಮೈಬಣ್ಣದ ವಿಷಯ ಇನ್ನೂ ಗಂಭೀರ. ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುವಿನ ಬೂದುಬಣ್ಣಕ್ಕೆ ಎಳೆಯುತ್ತದೆ. ಬಿಳಿ ಹಾಸಿನ ಮೇಲೆ ಮಲಗಿದ ಕಂದುಬಣ್ಣದ ಕೂಸು ಇನ್ನೂ ಕಪ್ಪಾಗಿ, ಕಡುಹಸಿರು ಸೀರೆಯುಟ್ಟ ಶ್ಯಾಮಲೆ ಬಣ್ಣಗೆಟ್ಟು ಬಿಳಿಚಿಕೊಂಡು ಬರುತ್ತಾರೆ. ಮುಖದ ಬೆಳಕನ್ನೇ ಅಳೆದು ತೆಗೆದರೆ ಈ ತೊಡಕಿಲ್ಲ. ಆದರೆ ಬೇಕೆಂದೇ ‘ಫೇರ್’ ಮಾಡಿಕೊಡುವ ಚಾಳಿಗೆ ಮೀಟರಿನ ನೆಪವಿಲ್ಲ. ಹತ್ತು ದಿನದ ಮಗುವಿನ ಬಣ್ಣ ತಿದ್ದುವುದೆಂದರೆ, ನೀನು ಇರುವಂತೆ ಚೆಂದವಿಲ್ಲ ಎಂದು ಅದಕ್ಕೆ ಮೊದಲ ಪಟದಲ್ಲೇ ಹೇಳಿದಂತೆ.

ಮನೆಮಂದಿ

ಎರಡು ಮೂರು ಸಾಲಿನ ಗುಂಪಿಗೆ ಎಫ್ 5.6ರಿಂದ 8ರವರೆಗಿನ ಕಿರಿದಾದ ದ್ವಾರ ಬೇಕು, ಅಗಲವಾದ ಎಫ್ 1.8ರಲ್ಲಿ ತೆಗೆದರೆ ಹಿಂದಿನ ಸಾಲಿನ ಚಿಕ್ಕಪ್ಪಂದಿರು ಮಸುಕಾಗುತ್ತಾರೆ. ಹಿರಿಯರನ್ನು ಕೂರಿಸಿ, ಕೂಸನ್ನು ಅಜ್ಜಿಯ ಮಡಿಲಿಗೆ ಕೊಟ್ಟರೆ ಉಳಿದವರು ತಾವಾಗಿ ಸುತ್ತ ಸೇರುತ್ತಾರೆ. ಮೊದಲೇ ಅಣ್ಣನೋ ಅಕ್ಕನೋ ಇದ್ದರೆ ಆ ಮಗುವಿನ ಚಿತ್ರವನ್ನು ಮೊದಲು ತೆಗೆಯಬೇಕು. ಎಲ್ಲರ ಕಣ್ಣೂ ಹೊಸ ಕೂಸಿನ ಮೇಲಿರುವ ದಿನಗಳವು.

ಮೈಸೂರಿನ ಟಿ.ಎಸ್. ಸತ್ಯನ್ ಯುನಿಸೆಫ್‌ಗಾಗಿ ತೆಗೆದ ಮಕ್ಕಳ ಚಿತ್ರಗಳು ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಸಾಮಾನ್ಯರ ಬದುಕನ್ನು ಅದು ಇದ್ದಲ್ಲೇ ಗೌರವದಿಂದ ನೋಡುವ ಅವರ ರೀತಿ ಮನೆಯೊಳಗಿನ ಚಿತ್ರಕ್ಕೆ ಹೇಳಿ ಮಾಡಿಸಿದ್ದು. ಅಮೆರಿಕದ ನಿಕೊಲಸ್ ನಿಕ್ಸನ್ 1975ರಿಂದ ತಮ್ಮ ಹೆಂಡತಿ ಮತ್ತು ಆಕೆಯ ಮೂವರು ಸೋದರಿಯರನ್ನು ಪ್ರತಿ ವರ್ಷ ಅದೇ ಕ್ರಮದಲ್ಲಿ ನಿಲ್ಲಿಸಿ ದಶಕಗಳ ಕಾಲ ಚಿತ್ರಿಸಿದರು. ಯಾವ ಅಲಂಕಾರವೂ ಇಲ್ಲದೆ ಕಾಲವೇ ಆ ಚಿತ್ರಗಳಲ್ಲಿ ಕಾಣಿಸಿಕೊಂಡಿತು. ಹಬ್ಬಕ್ಕೊಮ್ಮೆ ಅದೇ ಜಗಲಿಯಲ್ಲಿ ಅದೇ ಕ್ರಮದಲ್ಲಿ ನಿಲ್ಲುವುದು ಯಾವ ಮನೆಗೂ ಕಷ್ಟವಲ್ಲ.

ಉಳಿಯದ ಕೂಸು

ಹುಟ್ಟುವಾಗಲೇ ತೀರಿಕೊಂಡ, ಹುಟ್ಟಿ ಕೆಲವೇ ಗಂಟೆ ಬದುಕಿದ ಶಿಶುಗಳ ಚಿತ್ರವನ್ನು ಬಯಸುವ ತಂದೆತಾಯಿಯರಿಗೆ ಉಚಿತವಾಗಿ ತೆಗೆದುಕೊಡುವ ‘ನೌ ಐ ಲೇ ಮಿ ಡೌನ್ ಟು ಸ್ಲೀಪ್’ ಸಂಸ್ಥೆ 2005ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಶುರುವಾಯಿತು. ಆ ತಂದೆತಾಯಿಯರ ಬಳಿ ಮಗುವಿನದೆಂದು ಉಳಿಯುವುದು ಹೆಚ್ಚಾಗಿ ಆ ಚಿತ್ರವೊಂದೇ. ಕೇಳಿದರೆ ಮಾತ್ರ ಹೋಗಬೇಕಾದ, ಕೇಳಿದಾಗ ಹಿಂದೆಗೆಯಬಾರದ ಕೆಲಸವಿದು.

ಒಪ್ಪಿಗೆ, ಜೋಪಾನ

ಸ್ಟುಡಿಯೋಗಳು ಜಾಹೀರಾತಿಗಾಗಿ ಕೂಸಿನ ಚಿತ್ರವನ್ನು ಜಾಲತಾಣಕ್ಕೆ ಹಾಕುವ ಮುಂಚೆ ಪೋಷಕರ ಲಿಖಿತ ಒಪ್ಪಿಗೆ ಪಡೆಯಬೇಕು. ಒಪ್ಪದವರಿಗೆ ದರ ಏರಿಸುವುದು ನ್ಯಾಯವಲ್ಲ. ಸ್ನಾನದ, ಬಟ್ಟೆಯಿಲ್ಲದ ಚಿತ್ರಗಳು ಮನೆಯ ಆಲ್ಬಮ್ಮಿಗಷ್ಟೇ.

ಫೋನಿನಲ್ಲಿರುವ ಚಿತ್ರ ಫೋನಿನೊಂದಿಗೇ ಹೋಗಬಹುದು. ಮೂಲ ಫೈಲುಗಳು ಎರಡು ಕಡೆ, ಅದರಲ್ಲೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇರಲಿ. ಆಯ್ದ ಹತ್ತಾರನ್ನು ಒಳ್ಳೆಯ ಕಾಗದದ ಮೇಲೆ ಮುದ್ರಿಸಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಆಲ್ಬಮ್ಮಿಗೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗಿದ ಬೀರುವಿನಲ್ಲಿಡದೆ ಗಾಳಿಯಾಡುವ ಕಡೆ ಇಟ್ಟು, ಬಿಸಿಲು ಬಿದ್ದ ಮೇಲೆ ನೆರಳಲ್ಲಿ ಬಿಡಿಸಿಡಬೇಕು. ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆತ್ತಗೆ ಹೆಸರು, ದಿನ, ಊರು ಬರೆಯಬೇಕು. ‘ಅಜ್ಜಿ’, ‘ದೊಡ್ಡಮ್ಮ’ ಎಂದಷ್ಟೇ ಬರೆದರೆ ಎರಡು ತಲೆಮಾರು ಕಳೆದ ಮೇಲೆ ಯಾರ ಅಜ್ಜಿಯೆಂದು ಹೇಳುವವರು ಇರುವುದಿಲ್ಲ, ಆದ್ದರಿಂದ ಪೂರ್ತಿ ಹೆಸರನ್ನೇ ಬರೆಯಬೇಕು.