ಭಾಷೆ ನಮೂದಿಸಿದ ಪ್ರಮಾಣಪತ್ರ: ಗಡಿಯಾಚೆಯ ಕನ್ನಡಿಗರೂ ಲೆಕ್ಕಪರಿಶೋಧನೆಯ ಓದೂ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)

ಎಂ.ಕಾಂ. ಓದುತ್ತಾ ಸಿ.ಎ. ಪರೀಕ್ಷೆಗೂ ತಯಾರಿ ನಡೆಸಿರುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಕಂಪನಿ ಕಾಯ್ದೆಯ ಕಲಮುಗಳನ್ನು ನಾವು ಉರು ಹೊಡೆಯುತ್ತೇವೆ, ಆದರೆ ಪರೀಕ್ಷೆ ಅನ್ನುವ ಈ ಬಾಗಿಲು ಹೇಗೆ ಕಟ್ಟಿದ್ದು ಅಂತ ಕೇಳುವುದಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಬಾಗಿಲಿನ ಒಂದು ಹಳೆಯ ನಿಯಮದ ಬಗ್ಗೆ. ಅದು ಬದುಕಿದ್ದದ್ದು ಆರೇ ವರ್ಷ. ಗಡಿಯಾಚೆ ಕೂತು ಕನ್ನಡ ಆಡುವ ನಮಗೆ ಮಾತ್ರ ಅದರಲ್ಲಿ ಯೋಚಿಸುವಂಥದ್ದು ಇದೆ ಅಂತ ನನ್ನ ಭಾವನೆ.

1913ರ ಭಾರತೀಯ ಕಂಪನಿ ಕಾಯ್ದೆ 1914ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 144ನೆಯ ಕಲಮಿನ ಪ್ರಕಾರ, ಖಾಸಗಿ ಕಂಪನಿಗಳನ್ನು ಬಿಟ್ಟು ಉಳಿದ ಕಂಪನಿಗಳ ಲೆಕ್ಕ ತಪಾಸಣೆ ಮಾಡುವವನ ಹತ್ತಿರ ಪ್ರಾಂತ್ಯ ಸರ್ಕಾರದ ಪ್ರಮಾಣಪತ್ರ ಇರಬೇಕು. ಅದಕ್ಕೆ ಮೊದಲು ಇಂಥವನೇ ತಪಾಸಣೆ ಮಾಡಬೇಕು ಅಂತ ಇರಲಿಲ್ಲ. ಪ್ರಮಾಣಪತ್ರದಲ್ಲಿ ಎರಡು ಬಗೆ: ನಿರ್ಬಂಧವಿಲ್ಲದ್ದು ಒಂದು, ನಿರ್ಬಂಧಿತವಾದದ್ದು ಇನ್ನೊಂದು. ಮೊದಲನೆಯದು ಕೈಯಲ್ಲಿದ್ದರೆ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ವೃತ್ತಿ ನಡೆಸಬಹುದು. ಎರಡನೆಯದು ಇದ್ದರೆ ಆ ಪ್ರಾಂತ್ಯದೊಳಗೆ ಮಾತ್ರ, ಅದೂ ಪತ್ರದಲ್ಲಿ ನಮೂದಾದ ಭಾಷೆಯಲ್ಲಿ ಮಾತ್ರ. 1920ರಲ್ಲಿ ಈ ಎರಡನೆಯ ಬಗೆಯನ್ನು ಕೊಡುವುದು ನಿಂತುಹೋಯಿತು.

‘ನಮೂದಾದ ಭಾಷೆ’ ಅನ್ನುವ ಮಾತನ್ನು ಗಮನಿಸಿ. ಇಂಗ್ಲಿಷ್ ಆಡಳಿತವೇ ಮಾಡಿದ ನಿಯಮ ಇದು. ಲೆಕ್ಕದ ಪುಸ್ತಕ ಯಾವ ಭಾಷೆಯಲ್ಲಿದೆಯೋ ಆ ಭಾಷೆ ಓದಲು ಬಾರದವನು ಅದನ್ನು ಪರಿಶೋಧಿಸಲಾರ ಅನ್ನುವುದನ್ನು ಆ ನಿಯಮ ಒಪ್ಪಿಕೊಂಡಿತ್ತು. ಪ್ರಮಾಣಪತ್ರದ ಹೆಸರಿನಲ್ಲಿ ‘ನಿರ್ಬಂಧ’ ಅಂತ ಇದೆ, ನಿಜ. ನನಗೆ ಮಾತ್ರ ಅದು ಒಂದು ಯೋಗ್ಯತೆಯ ಹೆಸರು ಅನ್ನಿಸುತ್ತದೆ.

ಆ ಯೋಗ್ಯತೆ ಯಾಕೆ ಬೇಕಿತ್ತು ಅಂದರೆ, ನಮ್ಮ ಕಡೆ ಅಡತಿ ಅಂಗಡಿಗಳಲ್ಲಿ ಬರೆಯುತ್ತಿದ್ದ ವಹಿಯನ್ನೇ ನೋಡ್ರಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ವ್ಯಾಪಾರಿಗಳಿಗೆ ಕಿರ್ದಿ, ಖತಾವಣಿ, ತೇರೀಜು, ತಾಳೆಬಂದು ಅನ್ನುವ ಮಾತುಗಳು ಮರಾಠಿಯೋ ಕನ್ನಡವೋ ಅಂತ ಬೇರೆ ಮಾಡಿ ಹೇಳಲು ಬಾರದಷ್ಟು ಹತ್ತಿರದವು. ಕಿರ್ದಿ ಅಂದರೆ ದಿನದ ಲೆಕ್ಕ, ಖತಾವಣಿ ಅಂದರೆ ಲೆಡ್ಜರು. ಪದ ಗೊತ್ತಾದರೆ ಮುಗಿಯಿತು ಅಂದುಕೊಳ್ಳಬೇಡಿ. ಬದಿಯೇ ಬೇರೆ.

ಬಸಪ್ಪ ಅನ್ನುವ ಗಿರಾಕಿ ಅಂಗಡಿಗೆ ಬಂದು 500 ರೂಪಾಯಿ ರೊಕ್ಕ ಕಟ್ಟಿದ ಅಂದುಕೊಳ್ಳೋಣ. ದೇಶಿ ಪದ್ಧತಿಯ ಕಿರ್ದಿಯಲ್ಲಿ ಇದು ಎಡಬದಿಗೆ, ಬಸಪ್ಪನ ಹೆಸರಿಗೆ ‘ಜಮಾ’. ಇಂಗ್ಲಿಷ್ ಕ್ಯಾಶ್ ಬುಕ್ಕಿನಲ್ಲೂ ಬಂದ ಹಣ ಎಡಬದಿಗೇ, ಆದರೆ ಆ ಬದಿಯ ಹೆಸರು ಡೆಬಿಟ್. ಇಲ್ಲಿಯವರೆಗೆ ಜಾಗ ಒಂದೇ, ಹೆಸರು ಬೇರೆ. ಈಗ ಖತಾವಣಿಗೆ ಹೋಗಿ. ದೇಶಿಯಲ್ಲಿ ಬಸಪ್ಪನ ಪುಟದ ಎಡಕ್ಕೇ ಜಮಾ 500. ಇಂಗ್ಲಿಷ್ ಲೆಡ್ಜರಿನಲ್ಲಿ ಬಸಪ್ಪನ ಖಾತೆಯ ಬಲಕ್ಕೆ ಕ್ರೆಡಿಟ್ 500. ಇಲ್ಲಿ ಹೆಸರು ಹೊಂದುತ್ತದೆ, ಯಾಕೆಂದರೆ ಜಮಾ ಅಂದರೆ ಕ್ರೆಡಿಟ್ಟೇ. ಜಾಗ ಮಾತ್ರ ಅದಲುಬದಲು. ಮರುದಿನ ಅದೇ ಬಸಪ್ಪ 800 ರೂಪಾಯಿಯ ಮಾಲು ಉದ್ರಿ ಒಯ್ದ. ಅದು ಅವನ ‘ನಾವೆ’, ದೇಶಿ ಖತಾವಣಿಯಲ್ಲಿ ಬಲಬದಿ. ಬಾಕಿ 300, ಅವನಿಂದ ಬರಬೇಕಾದದ್ದು. ದೇಶಿ ವಹಿಯಲ್ಲಿ ಬಲ ತೂಗುತ್ತದೆ, ಇಂಗ್ಲಿಷ್ ಲೆಡ್ಜರಿನಲ್ಲಿ ಎಡ ತೂಗುತ್ತದೆ. ದೇಶಿ ಪುಟವನ್ನು ಇಂಗ್ಲಿಷ್ ಕಣ್ಣಿನಿಂದ ಓದಿದವನು ಬಸಪ್ಪನಿಗೇ ಅಂಗಡಿ 300 ಕೊಡಬೇಕು ಅಂತ ತಿಳಿದರೆ ಆಶ್ಚರ್ಯವಿಲ್ಲ! ಮೇಲಾಗಿ ರೊಕ್ಕವೇ ಕೈ ಬದಲಿಸದ ಆ ಉದ್ರಿ ವ್ಯವಹಾರವೂ ಕಿರ್ದಿಗೆ ಬರಬೇಕು. ಮಾಲಿನ ಖಾತೆಗೆ ಜಮಾ, ಬಸಪ್ಪನಿಗೆ ನಾವೆ. ಇದಕ್ಕೆ ಹವಾಲಾ ನಮೂದು ಅಂತ ಹೆಸರು. (ಇವತ್ತು ಪೇಪರಿನಲ್ಲಿ ಹವಾಲಾ ಅಂದರೆ ಪೊಲೀಸರು ನೆನಪಾಗುತ್ತಾರೆ. ಪಾಪ, ಜರ್ನಲ್ ಎಂಟ್ರಿಗೆ ಇದ್ದ ಸಭ್ಯ ಹೆಸರು ಅದು.)

ಈ ತಿರುವು ನಮ್ಮ ತರಗತಿಗಳಲ್ಲಿ ಇವತ್ತಿಗೂ ಸಿಗುತ್ತದೆ. ಅಂಗಡಿಯ ಗಲ್ಲೆಯ ಹತ್ತಿರ ಬೆಳೆದ ಹುಡುಗ ಬಿ.ಕಾಂ. ಮೊದಲ ವರ್ಷದಲ್ಲಿ ಡೆಬಿಟ್–ಕ್ರೆಡಿಟ್ ಉಲ್ಟಾ ಬರೆದರೆ ಅವನಿಗೆ ಲೆಕ್ಕ ಬರುವುದಿಲ್ಲ ಅಂತ ತೀರ್ಮಾನಿಸುತ್ತಾರೆ. ಅವನು ಇನ್ನೊಂದು ಪೂರ್ಣ ಪದ್ಧತಿಯನ್ನು ಸರಿಯಾಗಿ ಬರೆದಿರುವ ಸಾಧ್ಯತೆ ಯಾರಿಗೂ ಹೊಳೆಯುವುದಿಲ್ಲ.

ಇನ್ನು ಚರಿತ್ರೆಯ ಮುಂದಿನ ಭಾಗ. 1913ರಲ್ಲೇ ಮುಂಬೈಯಲ್ಲಿ ಸಿಡೆನ್‌ಹ್ಯಾಮ್ ಕಾಲೇಜು ಶುರುವಾಯಿತು. ಅಲ್ಲಿ ಕೆ. ಎಸ್. ಅಯ್ಯರ್ ಅವರು ಅಕೌಂಟೆನ್ಸಿಯನ್ನು ಕಾಲೇಜಿನ ವಿಷಯವಾಗಿ ನೆಲೆಗೊಳಿಸಿದರು. 1918ರಲ್ಲಿ ಮುಂಬೈಯಲ್ಲಿ ಜಿ.ಡಿ.ಎ., ಅಂದರೆ ಗವರ್ನ್‌ಮೆಂಟ್ ಡಿಪ್ಲೊಮಾ ಇನ್ ಅಕೌಂಟೆನ್ಸಿ, ಆರಂಭವಾಯಿತು. ಅದನ್ನು ಪಾಸು ಮಾಡಿ, ಮಾನ್ಯತೆ ಪಡೆದ ಅಕೌಂಟೆಂಟರ ಕೈಕೆಳಗೆ ಮೂರು ವರ್ಷ ಆರ್ಟಿಕಲ್ಡ್ ತರಬೇತಿ ಮುಗಿಸಿದವರಿಗೆ ನಿರ್ಬಂಧವಿಲ್ಲದ ಪ್ರಮಾಣಪತ್ರ. ಈಗ ನಾವು ‘ಆರ್ಟಿಕಲ್‌ಶಿಪ್’ ಅನ್ನುವುದರ ಬೇರು ಇಲ್ಲಿದೆ. ಎರಡು ವರ್ಷ ಕಳೆಯುವುದರೊಳಗೆ ಭಾಷೆಯ ಪ್ರಮಾಣಪತ್ರ ನಿಂತಿತು. 1932ರಲ್ಲಿ ಇಡೀ ವ್ಯವಸ್ಥೆ ಪ್ರಾಂತ್ಯಗಳ ಕೈಯಿಂದ ಭಾರತ ಸರ್ಕಾರಕ್ಕೆ ಹೋಯಿತು: ಇಂಡಿಯನ್ ಅಕೌಂಟೆನ್ಸಿ ಬೋರ್ಡು, ರಿಜಿಸ್ಟರ್ಡ್ ಅಕೌಂಟೆಂಟ್ ಅನ್ನುವ ಪದವಿ. 1943ರಲ್ಲಿ ಜಿ.ಡಿ.ಎ. ಕೂಡ ಮುಗಿಯಿತು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಜುಲೈ 1ರಂದು ಈಗಿನ ಇನ್‌ಸ್ಟಿಟ್ಯೂಟ್ ಹುಟ್ಟಿತು. ಜಿ. ಪಿ. ಕಪಾಡಿಯಾ ಅದರ ಮೊದಲ ಅಧ್ಯಕ್ಷರು.

ಇಷ್ಟು ಕೇಳಿದ ಮೇಲೆ, ಭಾಷೆಯ ಬಾಗಿಲು ಮುಚ್ಚಿದ್ದು ಕನ್ನಡಿಗರಿಗೆ ಆದ ಅನ್ಯಾಯ ಅಂತ ನಾನು ಹೇಳುತ್ತೇನೆ ಎಂದು ನೀವು ಊಹಿಸಿರಬಹುದು. ಅಷ್ಟು ಸರಳವಿಲ್ಲ. ಆ ಕಾಲದ ನಕಾಶೆ ನೋಡಿ. ಸೊಲ್ಲಾಪುರ, ಧಾರವಾಡ ಮುಂಬೈ ಪ್ರಾಂತ್ಯದಲ್ಲಿ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ, ಆದೋನಿ, ರಾಯದುರ್ಗ ಬಳ್ಳಾರಿ ಜಿಲ್ಲೆಯ ಭಾಗವಾಗಿ, ಹೊಸೂರು ಸೇಲಂ ಜಿಲ್ಲೆಯಲ್ಲಿ – ಇವೆಲ್ಲ ಮದ್ರಾಸ್ ಪ್ರಾಂತ್ಯ. ಅಕ್ಕಲಕೋಟೆ, ಜತ್ತ ಸಂಸ್ಥಾನಗಳು. ಬ್ರಿಟಿಷ್ ಇಂಡಿಯಾದ ಕಾಯ್ದೆ ಅಲ್ಲಿ ತಾನಾಗಿ ನಡೆಯುತ್ತಿರಲಿಲ್ಲ. ಮೈಸೂರು ಬೇರೆ, ಹೈದರಾಬಾದು ಬೇರೆ, ಗೋವಾ ಪೋರ್ಚುಗೀಸರದ್ದು. ಒಂದು ಪ್ರಾಂತ್ಯ ಒಂದು ಭಾಷೆ ಅನ್ನುವ ನಿರ್ಬಂಧಿತ ಪತ್ರವನ್ನು ಕನ್ನಡಕ್ಕಾಗಿಯೇ ಒಬ್ಬ ಮುಂಬೈಯಲ್ಲಿ ಪಡೆದಿದ್ದರೂ, ಅದು ಬಳ್ಳಾರಿಯ ಕನ್ನಡ ಪುಸ್ತಕಕ್ಕೆ ನಡೆಯುತ್ತಿರಲಿಲ್ಲ. ಮರಾಠಿಗೆ, ಗುಜರಾತಿಗೆ ಮುಂಬೈಯಂಥ ಒಂದು ದೊಡ್ಡ ಪೇಟೆ ಸಾಕಾಗುತ್ತಿತ್ತು. ಹರಿದು ಹಂಚಿಹೋದ ಭಾಷೆಗೆ ಆ ಪತ್ರ ಸಣ್ಣದೇ.

ಮುಂದೆ ಗಡಿಗಳು ಬದಲಾದಾಗ ಅಖಿಲ ಭಾರತದ ಪತ್ರವೇ ಕೈ ಹಿಡಿಯಿತು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಶಾನುಭೋಗಿಕೆ, ಮೇಷ್ಟ್ರಗಿರಿ, ಕಚೇರಿಯ ಗುಮಾಸ್ತಿಕೆ, ಎಲ್ಲವೂ ಹೊಸ ರಾಜ್ಯದ ಭಾಷೆಯ ಕಡೆ ತಿರುಗಬೇಕಾಯಿತು. ಚಾರ್ಟರ್ಡ್ ಅಕೌಂಟೆಂಟ್ ಮಾತ್ರ ಅಕ್ಟೋಬರ್ 31ರಂದು ಹೇಗೆ ಮಂಗಳೂರಿನ ಕಂಪನಿಯ ಲೆಕ್ಕಕ್ಕೆ ಸಹಿ ಹಾಕಬಹುದಿತ್ತೋ ನವೆಂಬರ್ 2ರಂದೂ ಹಾಗೇ ಹಾಕಬಹುದಿತ್ತು. ಭಾಷಾವಾರು ಪ್ರಾಂತ್ಯ ರಚನೆಯ ಪೆಟ್ಟು ತಾಗದ ವೃತ್ತಿಗಳು ನಮ್ಮ ಗಡಿನಾಡಿನಲ್ಲಿ ಕಡಿಮೆ. ಇದು ಅಂಥದ್ದೊಂದು.

ಹಾಗಾದರೆ ನಷ್ಟ ಎಲ್ಲಾಯಿತು? ನನ್ನ ಪ್ರಕಾರ ಸಹಕಾರ ಸಂಘಗಳ ಕಡೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಲ್ಲಿ ತಪಾಸಣೆ ರಿಜಿಸ್ಟ್ರಾರರ ಹೊಣೆ. ಮರುವರ್ಷವೇ ಗದಗದ ಕಣಗಿನಹಾಳದಲ್ಲಿ ಸಂಘ ಕಟ್ಟಿದರು. 1919ರ ಸುಧಾರಣೆಯ ನಂತರ ಸಹಕಾರ ಪ್ರಾಂತ್ಯಗಳ ವಿಷಯವಾಯಿತು. ಮುಂಬೈ 1925ರಲ್ಲಿ, ಮದ್ರಾಸ್ 1932ರಲ್ಲಿ ಸ್ವಂತ ಕಾಯ್ದೆ ಮಾಡಿಕೊಂಡವು. ಆಮೇಲೆ ಮಹಾರಾಷ್ಟ್ರದ 1960ರದ್ದು, ಕೇರಳದ 1969ರದ್ದು. ಹಳ್ಳಿಯ ರೊಕ್ಕ ಇರುವುದು ಈ ಸಂಘಗಳಲ್ಲಿ. ಸದಸ್ಯರು ಕನ್ನಡಿಗರಿರುವ ಊರಿನಲ್ಲೂ ಲೆಕ್ಕದ ಭಾಷೆ ರಾಜ್ಯದ್ದು. ಮಹಾರಾಷ್ಟ್ರದಲ್ಲಿ ಸಹಕಾರಿ ಲೆಕ್ಕಪರಿಶೋಧಕರಾಗಲು ಜಿ.ಡಿ.ಸಿ. ಅಂಡ್ ಎ. ಡಿಪ್ಲೊಮಾ ಇದೆ, ಅದನ್ನು ಮರಾಠಿಯಲ್ಲಿ ಬರೆಯಬಹುದು. ಸಿ.ಎ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಬರೆಯಬಹುದು. ಅಂದರೆ ಗಡಿ ಇಲ್ಲದ ದಾರಿಗೆ ಇಂಗ್ಲಿಷ್ ಬೇಕು, ಊರಿನ ಹತ್ತಿರದ ದಾರಿಗೆ ಆ ರಾಜ್ಯದ ಭಾಷೆ ಬೇಕು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತು ಬಂದ ಅಕ್ಕಲಕೋಟೆಯ ಹುಡುಗಿಗೆ ಎರಡೂ ಎರಡನೆಯ ಭಾಷೆಯ ದಾರಿಗಳೇ.

ಇನ್ನೊಂದು ಮಾತು, ಇದು ಪಠ್ಯಕ್ರಮದ ಬಗ್ಗೆ. ಭಾಷೆಯ ಜೊತೆಗೆ ನಮ್ಮ ಓದಿನಿಂದ ಊರೂ ಬಿಟ್ಟುಹೋಗಿದೆ. ಷೇರು ಬಂಡವಾಳದ ಪಾಠದಲ್ಲಿ ‘ಎಕ್ಸ್ ಲಿಮಿಟೆಡ್’ ಕರೆ ಹಣ ಕೇಳುತ್ತದೆ. ಸೊಲ್ಲಾಪುರದವರಿಗೆ ಎಕ್ಸ್ ಯಾಕೆ ಬೇಕು? 1870ರ ದಶಕದ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ, ನಮ್ಮ ಬಾಯಲ್ಲಿ ಜುನಿ ಮಿಲ್, ಇದೆಯಲ್ಲ. ಸಾವಿರ ರೂಪಾಯಿಯ 1,590 ಮತ್ತು ಐನೂರರ 20 ಸಾಮಾನ್ಯ ಷೇರುಗಳು, ಪೂರ್ತಿ ಪಾವತಿಯಾದವು: 16 ಲಕ್ಷ. ನೂರರ 32,000 ಪ್ರಿಫರೆನ್ಸ್ ಷೇರುಗಳು, ಕಟ್ಟಿಸಿಕೊಂಡದ್ದು ಐವತ್ತರಂತೆ: ಅದೂ 16 ಲಕ್ಷ. ಒಟ್ಟು ಪಾವತಿಯಾದ ಬಂಡವಾಳ 32 ಲಕ್ಷ. ಇನ್‌ಸ್ಟಿಟ್ಯೂಟ್ ಹುಟ್ಟಿ ಎರಡು ತಿಂಗಳಾಗುವುದರೊಳಗೆ, 1949ರ ಆಗಸ್ಟಿನಲ್ಲಿ, ಮಿಲ್ಲು ಮುಚ್ಚಿತು. ಆಡಳಿತ ಕೆಟ್ಟಿದೆ ಅನ್ನುವ ಕಾರಣಕ್ಕೆ 1950ರ ಜನವರಿ 9ರ ಸುಗ್ರೀವಾಜ್ಞೆಯ ಮೂಲಕ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಸರ್ಕಾರ ನೇಮಿಸಿದ ನಿರ್ದೇಶಕರು ಉಳಿದ ಐವತ್ತು ರೂಪಾಯಿಯ ಕರೆ ಹೊರಡಿಸಿದರು, ಅಂದರೆ ಇನ್ನೊಂದು 16 ಲಕ್ಷ. ಷೇರುದಾರರು ಸುಪ್ರೀಂ ಕೋರ್ಟಿಗೆ ಹೋದರು. 1950ರ ಚಿರಂಜೀತ್‌ಲಾಲ್ ಚೌಧುರಿ ಪ್ರಕರಣದಲ್ಲಿ ಮೂರಕ್ಕೆ ಎರಡರಿಂದ ಸರ್ಕಾರ ಗೆದ್ದಿತು. 1953ರ ದ್ವಾರಕಾದಾಸ್ ಶ್ರೀನಿವಾಸ್ ಪ್ರಕರಣದಲ್ಲಿ ಸೋತಿತು. ಕಾನೂನು ವಿದ್ಯಾರ್ಥಿಗಳು ಇದನ್ನು ದೇಶದ ಎಲ್ಲ ಕಡೆ ಓದುತ್ತಾರೆ. ‘ಕಾಲ್ಸ್ ಇನ್ ಅರಿಯರ್ಸ್’ ಕಲಿಸಲು ಇದಕ್ಕಿಂತ ಜೀವಂತ ಉದಾಹರಣೆ ಬೇಕೆ? ಕನ್ನಡ, ತೆಲುಗು, ಮರಾಠಿ ಆಡುವ ಕೆಲಸಗಾರರ ಮನೆಗಳಿಂದ ಬಂದ ಮಕ್ಕಳೇ ಈ ತರಗತಿಯಲ್ಲಿ ಕೂತಿರುವಾಗ?

ಕೊನೆಗೆ ಎರಡು ಪ್ರಶ್ನೆ ಬಂದವು. ಸಿ.ಎ. ಪರೀಕ್ಷೆಯನ್ನು ಕನ್ನಡದಲ್ಲಿ ಕೊಡಬೇಕೆಂದು ಕೇಳುತ್ತೀರಾ ಅಂತ ಕಾಸರಗೋಡಿನ ಗೆಳೆಯರೊಬ್ಬರು ಕೇಳಿದರು. ನಾನು ಅದನ್ನು ಮೊದಲು ಕೇಳುವುದಿಲ್ಲ. ಪರೀಕ್ಷೆ ಕನ್ನಡಕ್ಕೆ ಬಂದರೂ ಪ್ರಶ್ನೆಯಲ್ಲಿ ಇರುವುದು ಅದೇ ಎಕ್ಸ್ ಲಿಮಿಟೆಡ್. ನಾನು ಕೇಳುವುದು ಎಂ.ಕಾಂ. ಪಠ್ಯದಲ್ಲಿ ಒಂದು ಘಟಕ: ಆಯಾ ಸೀಮೆಯ ವಹಿ, ಕಿರ್ದಿ, ಸಂಘದ ವಾರ್ಷಿಕ ವರದಿ ಓದಿ, ಅದರಿಂದ ಈಗಿನ ಮಾದರಿಯ ತಾಳೆಪಟ್ಟಿ, ಅಢಾವೆ ಪತ್ರಿಕೆ ಮಾಡುವ ಅಭ್ಯಾಸ. ಸೊಲ್ಲಾಪುರದಲ್ಲಿ ಕನ್ನಡ–ಮರಾಠಿ ಎರಡರಲ್ಲೂ, ಕಾಸರಗೋಡಿನಲ್ಲಿ ಕನ್ನಡ–ಮಲಯಾಳ ಎರಡರಲ್ಲೂ. ಇದಕ್ಕೆ ಕೇಂದ್ರದ ಒಪ್ಪಿಗೆ ಬೇಡ, ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಮನಸ್ಸು ಮಾಡಿದರೆ ಆಯಿತು.

ಕಂಪ್ಯೂಟರ್ ಬಂದ ಮೇಲೆ ಕಿರ್ದಿ ಯಾರು ಬರೆಯುತ್ತಾರೆ ಅನ್ನುವುದು ಇನ್ನೊಂದು ಪ್ರಶ್ನೆ. ನಿಜ, ಈಗ ಪರದೆಯ ಮೇಲೆ ಡೆಬಿಟ್–ಕ್ರೆಡಿಟ್ ತಾನೇ ಜಾಗ ಹಿಡಿದುಕೊಳ್ಳುತ್ತದೆ. ಆದರೆ ಸಾಲದ ಬಾಕಿ ಎಷ್ಟು, ಬಡ್ಡಿ ಎಲ್ಲಿಂದ ಹಿಡಿದಿರಿ ಅಂತ ಸಂಘದ ಕಟ್ಟೆಯ ಮೇಲೆ ಕೂತು ಕೇಳುವ ರೈತನಿಗೆ ಉತ್ತರ ಹೇಳಬೇಕಾದವರು ನಾವು. ಅವನು ಕೇಳುವುದು ‘ನನ್ನ ನಾವೆ ಎಷ್ಟೈತ್ರಿ?’ ಅಂತಲೇ.